ಚಕ್ರವರ್ತಿಗೆ ಕೊಟ್ಟ ಹದಿನೈದು ನಿಮಿಷ

ಆ ಚಕ್ರವರ್ತಿಯನ್ನು ಹುಟ್ಟಿಸಿದವಳು ನಾನೇ. ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಸಾರಿಗೆ ಒಗ್ಗರಣೆ ಕೊಟ್ಟು, ಕೈ ಒರೆಸಿಕೊಂಡು, ಗ್ರೋಸರಿ ಪಟ್ಟಿಯ ಹಿಂಬದಿಯಲ್ಲಿ ಅವನ ಚರಿತ್ರೆ ಬರೆದೆ. ರಾಜಧಾನಿ ಕೊಟ್ಟೆ, ಏಳು ಕೋಟೆ ಕೊಟ್ಟೆ, ಮೂವತ್ತೆರಡು ವರ್ಷದ ಆಳ್ವಿಕೆ ಕೊಟ್ಟೆ. ಹೆಸರು ಮಾತ್ರ ಕೊಡಲಿಲ್ಲ. ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ಅದು ಡಾಟ್‌ಕಾಮ್ ಕಾಲ. ಫ್ರೀವೇ ಬದಿಯ ದೊಡ್ಡ ದೊಡ್ಡ ಬೋರ್ಡುಗಳ ಮೇಲೆ ದಿನಕ್ಕೊಂದು ಹೊಸ ಕಂಪನಿ ಹುಟ್ಟುತ್ತಿತ್ತು. ನನ್ನ ಗಂಡನ ಕಂಪನಿಗೆ ಆಗ ಹದಿನಾಲ್ಕು ತಿಂಗಳು. ಅವರು ಏನು ತಯಾರಿಸುತ್ತಾರೆ ಎಂದು ಕೇಳಿದಾಗಲೆಲ್ಲ ಗಂಡ ಬೇರೆ ಬೇರೆ ಉತ್ತರ ಕೊಡುತ್ತಿದ್ದರು. ನಾನು ಮೈಸೂರಿನ ಕಾಲೇಜೊಂದರಲ್ಲಿ ಮೂರು ವರ್ಷ ಇತಿಹಾಸ ಪಾಠ ಮಾಡಿ ಬಂದವಳು. ಹೆಂಡತಿಯ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮದುವೆಯಾದ ಮೊದಲ ವರ್ಷ ಅಳುತ್ತಾ ಕಳೆದೆ, ಎರಡನೆಯ ವರ್ಷ ರೇಗಾಡಿದೆ, ಮೂರನೆಯ ವರ್ಷದ ಹೊತ್ತಿಗೆ ಅಪಾರ್ಟ್‌ಮೆಂಟಿನ ಎಲ್ಲ ಮನೆಗಳ ಚರಿತ್ರೆಯೂ ನನಗೆ ಬಾಯಿಪಾಠವಾಗಿತ್ತು. ಪಾಠ ಹೇಳುವ ಚಟ ಬಿಟ್ಟುಹೋಗುವಂಥದ್ದಲ್ಲ. ಯಾರಾದರೂ ಸಿಕ್ಕರೆ ಸಾಕು, ಹಿಡಿದು ಕೂರಿಸಿ ತಲೆ ತಿನ್ನುತ್ತಿದ್ದೆ.

ಆ ವರ್ಷ ಮಂಡ್ಯದ ಕಡೆಯ ಹಳ್ಳಿಯಿಂದ ನಮ್ಮ ಮಾವನವರು ಆರು ತಿಂಗಳಿಗೆಂದು ಬಂದರು. ಅತ್ತೆ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಮಾವನವರು ತಾಲ್ಲೂಕು ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಸಾಹೇಬರ ಕೋಣೆಯ ಬಾಗಿಲ ಹೊರಗೆ ಅವರ ಜಾಗ. ಮೊದಲು ಅಲ್ಲೊಂದು ಸ್ಟೂಲು ಇತ್ತಂತೆ. ಯಾರೋ ಒಬ್ಬ ಸಾಹೇಬರು ಬಂದು, ಜವಾನ ಕೂತರೆ ಶಿಸ್ತು ಹಾಳಾಗುತ್ತದೆ ಎಂದು ಅದನ್ನು ತೆಗೆಸಿದರು. ಅವರಾದ ಮೇಲೆ ಹನ್ನೊಂದು ಮಂದಿ ಸಾಹೇಬರು ಬಂದುಹೋದರು. ಸ್ಟೂಲನ್ನು ವಾಪಸು ಹಾಕಿಸುವ ಯೋಚನೆ ಒಬ್ಬರಿಗೂ ಬರಲಿಲ್ಲ.

ಹಾಗಾಗಿ ಮಾವನವರಿಗೆ ಬೇರೆಯವರ ಎದುರು ಕೂರುವ ಅಭ್ಯಾಸವೇ ತಪ್ಪಿಹೋಗಿತ್ತು. ನಮ್ಮ ಮನೆಗೆ ಯಾರಾದರೂ ಬಂದರೆ ಸೋಫಾದಿಂದ ಎದ್ದು, ಹೋಗಿ ಬಾಗಿಲ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದರು. ಬಂದವರು ಅವರ ಮಗನಿಗಿಂತ ಚಿಕ್ಕ ಹುಡುಗರಾದರೂ ಅಷ್ಟೆ. “ಕೂತ್ಕೊಳ್ಳಿ ಮಾವ” ಎಂದರೆ “ಪರ್ವಾಗಿಲ್ಲ ಬುಡವ್ವ” ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಅವರ ಮೇಲಲ್ಲ, ಆ ಹನ್ನೆರಡು ಮಂದಿ ಸಾಹೇಬರ ಮೇಲೆ.

ನಮ್ಮ ಸುತ್ತಿನ ಕನ್ನಡದ ಮನೆಗಳವರು ಸೇರಿ ವರ್ಷಕ್ಕೊಮ್ಮೆ ಒಂದು ಕಾರ್ಯಕ್ರಮ ಮಾಡುತ್ತಿದ್ದರು. ಆ ಸಲದ ಮೀಟಿಂಗು ಲಾಸ್ ಆಲ್ಟೋಸಿನಲ್ಲಿ, ಹಾಸನದ ಕಡೆಯ ಒಬ್ಬ ಡಾಕ್ಟರ ಮನೆಯಲ್ಲಿ. ದೊಡ್ಡ ಮನೆ, ಹಿತ್ತಲ ತುಂಬ ಚೆಂಡುಹೂವು. ಒಂದು ಐತಿಹಾಸಿಕ ನಾಟಕವಾಗಲಿ ಎಂದು ಯಾರೋ ಅಂದರು, ಅಲ್ಲಿಗೆ ಕೆಟ್ಟಿತು. ಹಾಸನದವರಿಗೆ ಹೊಯ್ಸಳರೇ ಆಗಬೇಕು. ಮೈಸೂರಿನವರಿಗೆ ಒಡೆಯರೇ ಆಗಬೇಕು. ಬೆಂಗಳೂರಿನವರು ನಮ್ಮ ಊರು ಕಟ್ಟಿದವರನ್ನು ಬಿಟ್ಟು ಅದೇನು ನಾಟಕ ಎಂದರು. ಚಕ್ಕುಲಿ ಖಾಲಿಯಾಯಿತು, ಕಾಫಿ ಎರಡು ಸುತ್ತು ಬಂತು, ರಾಜ ಯಾರೆಂಬುದು ಮಾತ್ರ ತೀರ್ಮಾನವಾಗಲಿಲ್ಲ. ಕೊನೆಗೆ ನಾನು ಸಿಟ್ಟಿನಲ್ಲಿ, “ಯಾರಿಗೂ ಸೇರದೇ ಇರೋ ಒಬ್ಬ ಚಕ್ರವರ್ತೀನ ನಾನೇ ಬರೀತೀನಿ, ಎಲ್ಲರೂ ಸುಮ್ಮನಿರಿ” ಎಂದೆ. ಎಲ್ಲರೂ ಸುಮ್ಮನಾದರು. ಹೆಂಗಸು ಕೂಗಿದರೆ ಮೀಟಿಂಗು ಮುಗಿದಂತೆ ಎಂದು ನಮ್ಮವರ ಲೆಕ್ಕ.

ಹೆಸರು ಕೊಡದಿದ್ದ ಕಾರಣ ಇದೇ. ನಮ್ಮವರಿಗೆ ಒಂದು ಹೆಸರು ಸಿಕ್ಕರೆ ಸಾಕು, ಅದರ ಬಾಲ ಹಿಡಿದು ಊರು, ಕುಲ, ಮಠ ಎಲ್ಲ ಹುಡುಕಿಬಿಡುತ್ತಾರೆ. ಆದ್ದರಿಂದ ನಮ್ಮ ಚಕ್ರವರ್ತಿಗೆ ಬರೀ ಬಿರುದುಗಳು. ಏಳುಕೋಟೆಯ ಒಡೆಯ, ನುಡಿದದ್ದನ್ನು ನಡೆಸುವವ, ಹೀಗೆ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಮಾವನವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾಟಕ ಎಂದ ಕೂಡಲೇ ಅವರ ಕೈ ನಿಂತಿತು.

“ನಾನೂ ಐವತ್ತೊರ್ಸ ನಾಟ್ಕದಲ್ಲಿ ಪಾರ್ಟು ಮಾಡಿವ್ನಿ ಕನವ್ವ” ಎಂದರು.

“ಯಾವ ಪಾರ್ಟು ಮಾವ?”

“ಇನ್ಯಾವ್ದು? ದ್ವಾರಪಾಲಕ. ಇವನಿಗೆ ಕಚೇರೀಲಿ ಅಭ್ಯಾಸ ಅದೆ, ಚೆಂದಾಗಿ ನಿಂತ್ಕತಾನೆ ಅನ್ನೋರು. ರಾಜನ ಪಾರ್ಟು ಪಟೇಲ್ರ ಮನೆಯೋರ್ಗೇ. ಈಟಿ ಹಿಡ್ಕಂಡು ನಿಂತ್ರೆ ಮಂಗಳ ಹಾಡೋಗಂಟ ನಿಂತಿರೋದು. ಮಾತು ಒಂದೇ. ಮಹಾಪ್ರಭುಗಳಿಗೆ ಜಯವಾಗಲಿ.”

ಮತ್ತೆ ಅವರೆಕಾಯಿಗೆ ಕೈ ಹಾಕಿದರು. ನನ್ನ ಕಡೆ ನೋಡದೆ ಹೇಳಿದರು: “ಒಂದ್ಸಲ ಆ ಸಿಂಹಾಸನದ ಮ್ಯಾಲೆ ಕುಂತು ನೋಡ್ಬೇಕು ಅನ್ನೋದೊಂದು ಆಸೆ ಇತ್ತು. ಖಾಲಿ ಇದ್ದಾಗ ಕುಂತ್ಕಬೋದಾಗಿತ್ತು. ಕುಂತ್ಕಳನಿಲ್ಲ. ಅದು ಕಳ್ಳತನ ಮಾಡ್ದಂಗೆ ಆಯ್ತದೆ.”

ಆ ಕ್ಷಣವೇ ನಿರ್ಧಾರ ಮಾಡಿದೆ. ಇವರು ಊರಿಗೆ ಹೋಗುವ ಮೊದಲು ಸಿಂಹಾಸನದ ಮೇಲೆ ಕೂರುತ್ತಾರೆ. ಕದ್ದು ಅಲ್ಲ, ನಾಲ್ಕು ನೂರು ಜನರ ಎದುರಿಗೆ, ಕೊರಳಲ್ಲಿ ಹಾರ ಹಾಕಿಕೊಂಡು. ಅವರ ವಾಪಸು ಟಿಕೆಟು ಕಾರ್ಯಕ್ರಮ ಮುಗಿದ ಮೂರನೇ ವಾರಕ್ಕಿತ್ತು. ಮುಂದಿನ ವರ್ಷ ನೋಡೋಣ ಎನ್ನುವ ಮಾತೇ ಇರಲಿಲ್ಲ.

ಕಥೆ ಆಗ ತಾನಾಗಿ ಬಂತು. ಹಳೆಯ ಚಕ್ರವರ್ತಿ ಮಕ್ಕಳಿಲ್ಲದೆ ತೀರಿಕೊಳ್ಳುತ್ತಾನೆ. ಅಜ್ಜಿ ಕಥೆಗಳಲ್ಲಿ ಬರುವಂತೆ ಪಟ್ಟದಾನೆಯ ಸೊಂಡಿಲಿಗೆ ಹಾರ ಕೊಟ್ಟು ಬಿಡುತ್ತಾರೆ. ಅದು ಯಾರ ಕೊರಳಿಗೆ ಹಾಕುವುದೋ ಅವನೇ ಚಕ್ರವರ್ತಿ. ಸಾಮಂತರು, ಸೇನಾಪತಿ, ಮಹಾಮಂತ್ರಿ ಎಲ್ಲ ಕತ್ತು ಚಾಚಿ ನಿಂತಿರುತ್ತಾರೆ. ಆನೆ ಅವರನ್ನೆಲ್ಲ ದಾಟಿ ಬಂದು ಬಾಗಿಲಲ್ಲಿ ಈಟಿ ಹಿಡಿದು ನಿಂತ ದ್ವಾರಪಾಲಕನ ಕೊರಳಿಗೆ ಹಾರ ಹಾಕುತ್ತದೆ. ಆಮೇಲೆ ಅವನ ಆಳ್ವಿಕೆ: ಕೆರೆ ಕಟ್ಟಿಸಿದ್ದು, ಕಳ್ಳನನ್ನು ಕ್ಷಮಿಸಿದ್ದು, ಪರದೇಶದ ರಾಯಭಾರಿಯನ್ನು ಬರಿಗಾಲಲ್ಲಿ ನಡೆಸಿದ್ದು, ಕೊನೆಗೆ ಕಿರೀಟ ಇಳಿಸಿಟ್ಟು ಹೊರಟುಹೋದದ್ದು.

ಮುಂದಿನ ಮೀಟಿಂಗಿನಲ್ಲಿ ಇದನ್ನು ಎಲ್ಲರಿಗೂ ಓದಿ ಹೇಳಿದಾಗ ಡಾಕ್ಟರು, “ಈ ಚಕ್ರವರ್ತಿದು ಒಂದು ಶಾಸನ ನಮ್ಮೂರ ಕೆರೆ ಏರಿ ಮೇಲಿದೆಯಲ್ಲಮ್ಮ. ಚಿಕ್ಕೋನಿದ್ದಾಗ ಅದರ ಮೇಲೇ ಬಟ್ಟೆ ಇಟ್ಟು ಈಜೋಕೆ ಹೋಗ್ತಿದ್ವಿ” ಎಂದರು.

“ಡಾಕ್ಟ್ರೇ, ಅವನು ಇರಲೇ ಇಲ್ಲ. ನಾನೇ ಕಟ್ಟಿದ್ದು.”

“ನೀವು ಕಟ್ಟಿರಬಹುದು. ಆದರೆ ಅವನು ಇದ್ದ.”

ಇತಿಹಾಸದ ಎಂ.ಎ. ಪದವಿಗೆ ಇದಕ್ಕಿಂತ ದೊಡ್ಡ ಅವಮಾನ ನಾನು ಕಂಡಿಲ್ಲ. ಚಕ್ರವರ್ತಿ ತಮ್ಮ ಕಡೆಯವನಾದ್ದರಿಂದ ಆ ಪಾರ್ಟು ತಾವೇ ಮಾಡುವುದು ನ್ಯಾಯ ಎಂದೂ ಅವರು ಸೂಚಿಸಿದರು. ಉಳಿದವರಿಗೂ ಅದು ಸರಿ ಕಂಡಿತು. ಡಾಕ್ಟರು ಆರಡಿ ಎತ್ತರ, ಒಳ್ಳೆ ಕಂಠ. ನಮ್ಮ ಮಾವನವರು ನನ್ನ ಭುಜಕ್ಕೆ ಬರುತ್ತಾರೆ. “ಪರ್ಸನಾಲಿಟಿ ಬೇಕು ಮೇಡಮ್” ಎಂದರು ಯಾರೋ. ನಾನು ಹೇಳಿದೆ: “ಇವನು ಮೊದಲು ದ್ವಾರಪಾಲಕ, ಆಮೇಲೆ ಚಕ್ರವರ್ತಿ. ಮೂವತ್ತು ವರ್ಷ ಬಾಗಿಲಲ್ಲಿ ನಿಂತು ಅನುಭವ ಇರೋರು ಯಾರಾದ್ರೂ ಇದ್ರೆ ಕೈ ಎತ್ತಿ.” ಯಾರೂ ಎತ್ತಲಿಲ್ಲ. ಡಾಕ್ಟರಿಗೆ ಮಹಾಮಂತ್ರಿಯ ಪಾರ್ಟು ಕೊಟ್ಟು, ಅದಕ್ಕೆ ಮೂರು ಮಾತು ಹೆಚ್ಚಿಗೆ ಬರೆದು ಸಮಾಧಾನ ಮಾಡಿದೆ. ಆನೆಯ ಹಾರಕ್ಕೆ ಹೂವು ಅವರ ಹಿತ್ತಲಿನಿಂದ ಬರುವುದೆಂದು ತೀರ್ಮಾನವಾಯಿತು.

ಆನೆಯ ಮುಂಗಾಲು ನನ್ನ ಗಂಡ. ಹಿಂಗಾಲು ಅವರ ಆಫೀಸಿನ ಇನ್ನೊಬ್ಬರು. ಬೂದುಬಣ್ಣದ ಬೆಡ್‌ಶೀಟು ಹೊದ್ದು, ನನ್ನ ಗಂಡನ ಹಳೆಯ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ ಹೊಲಿದ ಸೊಂಡಿಲಿನೊಳಗೆ ಬಲಗೈ ತೂರಿಸಿಕೊಳ್ಳಬೇಕು. ಕಣ್ಣಿಗೆ ಕಾಣುವುದು ಕಾಲಡಿಯ ಮೂರಡಿ ನೆಲ ಮಾತ್ರ. ಸಿಂಹಾಸನ ಅವರ ಕಂಪನಿಯಿಂದ ತಂದ ಚಕ್ರದ ಕುರ್ಚಿ. ಅದಕ್ಕೆ ನನ್ನ ಧಾರೆ ಸೀರೆ ಹೊದಿಸಿ, ಉರುಳದಂತೆ ಇಟ್ಟಿಗೆ ಕೊಟ್ಟೆ.

ಶನಿವಾರ ಮಧ್ಯಾಹ್ನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪ್ರಾಕ್ಟೀಸು. ಮಾವನವರು ಮಾತುಗಳನ್ನೆಲ್ಲ ಎರಡೇ ವಾರದಲ್ಲಿ ಕಲಿತುಬಿಟ್ಟರು. ಕಲಿಯಲಾಗದೇ ಹೋದದ್ದು ಕೂರುವುದು. ಕುರ್ಚಿಯ ತುದಿಯಲ್ಲಿ ಅರ್ಧ ಕೂತಿರುವರು. ಡಾಕ್ಟರು ಮಂತ್ರಿಯ ಗತ್ತಿನಲ್ಲಿ ಬಂದು ಕೈಮುಗಿದ ಕೂಡಲೇ ಚಕ್ರವರ್ತಿಗಳು ಧಡಕ್ಕನೆ ಎದ್ದು ನಿಲ್ಲುವರು.

“ಮಾವ, ನೀವು ರಾಜ. ಮಂತ್ರಿ ಬಂದರೆ ಏಳಬಾರದು.”

“ಗೊತ್ತು ಕನವ್ವ. ಏನ್ಮಾಡ್ಲಿ, ಕಾಲು ತಾನಾಗೇ ಎದ್ಬುಡ್ತದೆ.”

ಹತ್ತು ಸಲ ಮಾಡಿಸಿದೆ. ಹತ್ತು ಸಲವೂ ಎದ್ದರು. ಹನ್ನೊಂದನೆಯ ಸಲ ನಾನು ಅವರ ಹಿಂದೆ ನಿಂತು ಎರಡೂ ಭುಜ ಒತ್ತಿ ಹಿಡಿದುಕೊಂಡೆ. ಸೊಸೆ ಮಾವನ ಭುಜ ಹಿಡಿಯುವುದು ಅವರ ಹಳ್ಳಿಯಲ್ಲಿ ಊಹಿಸಲಾಗದ ಮಾತು. ಅವರು ನಾಚಿ ನೀರಾದರು. ನಾನು ಬಿಡಲಿಲ್ಲ.

ನಡುನಡುವೆ ಕಾಫಿಗೆ ನಿಂತಾಗ ಅವರು ತಮ್ಮ ಊರಿನ ನಾಟಕದ ಸಂಗತಿ ಹೇಳುತ್ತಿದ್ದರು. ಅಲ್ಲಿ ಯಾರಾದರೂ ಪಾತ್ರ ಚೆನ್ನಾಗಿ ಮಾಡಿದರೆ, ಅವರ ನೆಂಟರು ನಾಟಕದ ನಡುವೆಯೇ ಸ್ಟೇಜು ಹತ್ತಿ ಹಾರ ಹಾಕುತ್ತಾರೆ. ಯುದ್ಧವಿರಲಿ, ಮರಣವಿರಲಿ, ಎಲ್ಲ ನಿಲ್ಲಬೇಕು. ಹಾರ ಹಾಕಿ, ಸಭೆಗೆ ಕೈಮುಗಿದು, ಅವರು ಇಳಿದ ಮೇಲೆ ಸತ್ತವನು ಮತ್ತೆ ಸಾಯುತ್ತಾನೆ. “ದ್ವಾರಪಾಲಕಂಗೆ ಯಾರು ಆಕ್ತಾರೆ ಬುಡಿ” ಎಂದು ನಕ್ಕರು ಮಾವನವರು. ಡಾಕ್ಟರು, “ನಮ್ ಕಡೇನೂ ಹಂಗೇ, ನಮ್ ಕಡೇನೂ ಹಂಗೇ” ಎಂದು ಕಣ್ಣು ಒರೆಸಿಕೊಂಡರು. ಆ ಕಣ್ಣೀರಿನ ಬಗ್ಗೆ ನಾನು ಆಗಲೇ ಎಚ್ಚರವಾಗಬೇಕಿತ್ತು.

ಇನ್ನು ಉಳಿದವರು ಒಬ್ಬರು. ಇಡೀ ಕಾರ್ಯಕ್ರಮದ ಹೊಣೆ ಹೊತ್ತವರು. ಆಫೀಸಿನಲ್ಲಿ ಯಾವ ಕೆಲಸ ಯಾವ ತಾರೀಖಿಗೆ ಮುಗಿಯಬೇಕು ಎಂದು ಪಟ್ಟಿ ಮಾಡಿ ಎಲ್ಲರನ್ನೂ ಅಟ್ಟುವುದೇ ಅವರ ಉದ್ಯೋಗ. ಕಾರ್ಯಕ್ರಮಕ್ಕೂ ಒಂದು ದೊಡ್ಡ ಚಾರ್ಟು ಮಾಡಿ, ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡಿದ್ದರು. ನಾನು ಅವರನ್ನು ಮನಸ್ಸಿನಲ್ಲೇ ಗಡಿಯಾರದವರು ಎಂದು ಕರೆಯುತ್ತಿದ್ದೆ. ನಾಟಕಕ್ಕೆ ನಲವತ್ತು ನಿಮಿಷ ಕೇಳಿದ್ದೆ, ಹದಿನೈದು ಕೊಟ್ಟರು.

“ಮೂವತ್ತೆರಡು ವರ್ಷ ಆಳ್ತಾನೆ ರೀ ಅವನು” ಎಂದೆ.

“ಮೇಡಮ್, ಅವನು ಎಷ್ಟು ವರ್ಷ ಬೇಕಾದ್ರೂ ಆಳ್ಲಿ. ನಂಗೆ ನಾಲ್ಕೂ ಐವತ್ತೈದಕ್ಕೆ ಸ್ಟೇಜು ಕ್ಲಿಯರ್ ಆಗ್ಬೇಕು. ಆಮೇಲೆ ಮಕ್ಕಳ ಡ್ಯಾನ್ಸು. ಮೂವತ್ತು ಮಕ್ಕಳು, ಮೂವತ್ತು ಜನ ಅಮ್ಮಂದಿರು, ಎಲ್ಲರ ಕೈಲೂ ವಿಡಿಯೋ ಕ್ಯಾಮೆರಾ. ಲೇಟಾದ್ರೆ ನನ್ನ ಕೊಂದೇ ಬಿಡ್ತಾರೆ.”

ಪಟ್ಟವೇರುವುದಕ್ಕೆ ಏಳು ನಿಮಿಷ, ಆಳುವುದಕ್ಕೆ ಎಂಟು. ವಾರವೆಲ್ಲ ಅಡುಗೆಮನೆಯ ಟೈಮರು ಇಟ್ಟುಕೊಂಡು ಒಂದೊಂದು ಮಾತಾಗಿ ಕತ್ತರಿಸಿದೆ. ಕೆರೆ ಚಿಕ್ಕದಾಯಿತು, ಕಳ್ಳನ ಅಪರಾಧ ಚಿಕ್ಕದಾಯಿತು. ಆದರೆ ಸಿಂಹಾಸನ ಹತ್ತುವ ಗಳಿಗೆಯನ್ನು ಮುಟ್ಟಲಿಲ್ಲ.

ಕಾರ್ಯಕ್ರಮ ಯೂನಿಯನ್ ಸಿಟಿಯ ಒಂದು ಬಾಡಿಗೆ ಸಭಾಂಗಣದಲ್ಲಿ. ಆವತ್ತು ನನ್ನ ಗಂಡನ ಕಂಪನಿಯಲ್ಲಿ ರಿಲೀಸು, ಅಂದರೆ ಹೊಸ ಸಾಫ್ಟ್‌ವೇರಿನ ಬಿಡುಗಡೆ; ಭಾನುವಾರವಾದರೂ ಆಫೀಸು. ನಾಟಕಕ್ಕೆ ಹತ್ತು ನಿಮಿಷ ಇರುವಾಗ ಕೊಲ್ಲಿಯ ಮೇಲಿನ ಸೇತುವೆ ದಾಟಿ ಓಡೋಡಿ ಬಂದು, ಉಸಿರು ಬಿಡದೆ ಆನೆಯೊಳಗೆ ಹೊಕ್ಕರು. ಗಡಿಯಾರದವರು ಬೆಳಗ್ಗೆ ಎಂಟಕ್ಕೆ ಬಂದವರು, ಪರದೆಯ ಹಗ್ಗದ ಪಕ್ಕ ನಿಂತೇ ಇದ್ದರು. ಊಟಕ್ಕೂ ಕೂತದ್ದನ್ನು ನಾನು ನೋಡಲಿಲ್ಲ. ಮಾವನವರು ಈಟಿ ಹಿಡಿದು ಸ್ಟೇಜಿನ ಬಾಗಿಲ ಬಳಿ, ತಮ್ಮ ಜಾಗದಲ್ಲಿ, ಗಡಿಯಾರದವರಿಂದ ಮೂರು ಮೊಳ ದೂರದಲ್ಲಿ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಸಣ್ಣಗೆ ತಲೆಯಾಡಿಸಿದ್ದು ಕಂಡೆ.

ಪರದೆ ಎದ್ದಿತು. ಹಳೆಯ ಚಕ್ರವರ್ತಿ ಚೆನ್ನಾಗಿಯೇ ಸತ್ತ. ಸಾಮಂತರು ಸಾಲಾಗಿ ನಿಂತರು. ಡಾಕ್ಟರು ಮುಂದೆ ಬಂದು, ಒಳ್ಳೆಯ ಕಂಠದಲ್ಲಿ, “ಪಟ್ಟದಾನೆ ಬರುತ್ತಿದೆ! ಅದು ಯಾರ ಕೊರಳಿಗೆ ಹಾರ ಹಾಕುವುದೋ ಅವರೇ ಏಳುಕೋಟೆಯ ಒಡೆಯರು!” ಎಂದು ಮೊಳಗಿದರು. ಸಭೆ ನಡುಗಿಹೋಯಿತು, ನಿಜವಾಗಿ ಚೆನ್ನಾಗಿತ್ತು. ಎಡಗಡೆಯಿಂದ ಆನೆ ಹೊರಟಿತು. ಮಕ್ಕಳು ಕಿರುಚಿದರು.

ಆಗ ಎರಡನೆಯ ಸಾಲಿನಿಂದ ಒಬ್ಬರು ಎದ್ದರು. ಡಾಕ್ಟರ ಭಾವಮೈದ, ಊರಿನಿಂದ ಬಂದು ಎರಡು ವಾರವೂ ಆಗಿರಲಿಲ್ಲ. ಕೈಯಲ್ಲಿ ಚೆಂಡುಹೂವಿನ ಹಾರ, ಅದೇ ಹಿತ್ತಲಿನದು. ದಡದಡ ಮೆಟ್ಟಿಲು ಹತ್ತಿ ಬಂದರು. ಸಾಮಂತರು ದಾರಿ ಬಿಟ್ಟರು, ಬಿಡದೆ ಏನು ಮಾಡುತ್ತಾರೆ. ಬಂದು ಮಹಾಮಂತ್ರಿಯ ಕೊರಳಿಗೆ ಹಾರ ಹಾಕಿ, ಅಪ್ಪಿಕೊಂಡು, ಸಭೆಗೆ ಕೈಮುಗಿದು, ಫೋಟೋಗೆ ನಿಂತರು. ಮಂಡ್ಯ ಹಾಸನದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅವರಿಗೆ ಇದು ಹೊಸದಲ್ಲ. ಮುಂದಿನ ಸಾಲಿನ ಮಕ್ಕಳು ಮಾತ್ರ ನಾಟಕವನ್ನು ಸರಿಯಾಗಿ ನೋಡುತ್ತಿದ್ದವು. “ಹೀ ಈಸ್ ದ ಕಿಂಗ್!” ಎಂದು ಒಂದು ಕೂಗಿತು. ಹಾರ ಬಿದ್ದವನೇ ರಾಜ ಎಂದ ಮೇಲೆ ಮಗುವಿನ ತಪ್ಪೇನಿದೆ?

ಬೆಡ್‌ಶೀಟಿನೊಳಗಿನ ನನ್ನ ಗಂಡನಿಗೆ ಚಪ್ಪಾಳೆ ಕೇಳಿಸಿತು. ಬೇರೆ ಯಾರೋ ಹಾರ ಹಾಕಿಯಾಯಿತು, ತನಗಿನ್ನು ಕೆಲಸವಿಲ್ಲ ಎಂದುಕೊಂಡು ಆನೆ ಸೊಂಡಿಲಲ್ಲಿ ಹಾರ ಹಿಡಿದುಕೊಂಡೇ ಹಿಂದಕ್ಕೆ ತಿರುಗಿತು.

ನಾನು ಮಾವನವರನ್ನು ನೋಡಿದೆ. ಅವರು ಹಾರ ಹಾಕಿಸಿಕೊಂಡು ನಿಂತ ಡಾಕ್ಟರನ್ನು ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ. ಈಟಿಯನ್ನು ಎಡಗೈಗೆ ತಗೊಂಡರು, ನಡು ಬಗ್ಗಿಸಿದರು, ಐವತ್ತು ವರ್ಷದ ಅದೇ ದನಿಯಲ್ಲಿ ಹೇಳಿದರು: “ಮಹಾಪ್ರಭುಗಳಿಗೆ ಜಯವಾಗಲಿ.”



“ಪರ್ಫೆಕ್ಟ್ ಮೇಡಮ್” ಎಂದರು ಪಕ್ಕದಲ್ಲಿ ಗಡಿಯಾರದವರು. “ರಾಜ ಸಿಕ್ಕಾಯ್ತಲ್ಲ. ಇಲ್ಲಿಗೇ ಮುಗಿಸಿಬಿಡೋಣ. ಫೋಟೋ ಗೀಟೋ ಅಂತ ಆಗಲೇ ಟೈಮ್ ತಿಂದಿದ್ದಾರೆ.” ಅವರ ಕೈ ಹಗ್ಗಕ್ಕೆ ಹೋಗಿತ್ತು.

“ಹಗ್ಗ ಬಿಡಿ.”

“ಮೇಡಮ್, ಡ್ಯಾನ್ಸು...”

“ಹಗ್ಗ ಬಿಡಿ ಅಂದೆ.”

ಕೈಯಲ್ಲಿದ್ದ ಸ್ಕ್ರಿಪ್ಟನ್ನು ಅವರ ಎದೆಗೆ ಒತ್ತಿ ಸ್ಟೇಜಿಗೆ ನಡೆದೆ. ಬಣ್ಣವಿಲ್ಲ, ವೇಷವಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೆ. ಆನೆ ಇನ್ನೇನು ಎಡಗಡೆಯ ಪರದೆ ದಾಟುವುದರಲ್ಲಿತ್ತು. ಸೊಂಡಿಲು ಹಿಡಿದು ಎಳೆದೆ.

“ಆಯ್ತಲ್ಲ ಕಣೇ, ಚಪ್ಪಾಳೆ ಬಿತ್ತಲ್ಲ?” ಒಳಗಿನಿಂದ ನನ್ನ ಗಂಡ ಪಿಸುಗುಟ್ಟಿದರು.

“ಚಪ್ಪಾಳೆ ಬಿದ್ದದ್ದು ಬೇರೆಯವರಿಗೆ. ನಿಮ್ಮಪ್ಪ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ.”

ಆನೆ ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ತಾನಾಗಿಯೇ ತಿರುಗಿತು.

ನಾನು ಸಭೆಯ ಕಡೆ ನೋಡಿ, ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡುತ್ತಿದ್ದ ದನಿಯಲ್ಲಿ ಹೇಳಿದೆ: “ಮಹಾಜನಗಳೇ, ಈ ಪಟ್ಟದಾನೆಗೆ ದಿನವೂ ಅನ್ನ ಹಾಕುವವಳು ನಾನು. ಇದರ ಮನಸ್ಸು ನನಗೆ ಗೊತ್ತು. ಇದು ಇನ್ನೂ ಯಾರಿಗೂ ಹಾರ ಹಾಕಿಲ್ಲ. ಆನೆ ಹಾಕಿದರೆ ಅದು ಹಾರ, ಮಿಕ್ಕದ್ದು ಬರೀ ಹೂವು.”

ಸಭೆ ನಕ್ಕಿತು. ಡಾಕ್ಟರ ಬಗ್ಗೆ ಒಂದು ಮಾತು ಹೇಳಲೇಬೇಕು. ದೊಡ್ಡ ಮನುಷ್ಯ. ಒಂದು ಗಳಿಗೆ ಬೆಪ್ಪಾದರೂ, ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಆನೆಯ ತೀರ್ಪೇ ತೀರ್ಪು!” ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದು ನಾನು ಬರೆದ ಮಾತಲ್ಲ.

ಆನೆಯನ್ನು ಬಾಗಿಲವರೆಗೆ ನಡೆಸಿಕೊಂಡು ಹೋದೆ. ಮಾವನವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

“ಬ್ಯಾಡ ಬುಡವ್ವ” ಎಂದರು ಮೆಲ್ಲಗೆ. “ಅವ್ರಿಗೇ ಆಗದೆ. ನಮಗ್ಯಾಕೆ.”

“ಮಾವ, ಐವತ್ತು ವರ್ಷ ಯಾರುಯಾರಿಗೋ ತಲೆ ಬಗ್ಗಿಸಿದ್ದೀರಿ. ಈಗ ಒಂದು ಸಲ ಹಾರಕ್ಕೆ ಬಗ್ಗಿಸಿ.”

ಅವರು ನನ್ನ ಮುಖ ನೋಡಿದರು. ಈಟಿ ಗೋಡೆಗೆ ಒರಗಿಸಿದರು. ತಲೆ ಬಗ್ಗಿಸಿದರು. ಸೊಂಡಿಲ ತುದಿಯಿಂದ ನನ್ನ ಗಂಡನ ಕೈ ಹೊರಗೆ ಬಂದು, ತಡಕಾಡಿ, ಅಪ್ಪನ ಕಿವಿ ಸವರಿ, ಕೊರಳಿಗೆ ಹಾರ ಹಾಕಿತು. ಮಾವನವರು ಆ ಕೈಯನ್ನು ಹಿಡಿದುಕೊಂಡರು. ಬಿಡಲಿಲ್ಲ. ಸಭೆಗೆ ಏನು ಕಂಡಿತೋ ಗೊತ್ತಿಲ್ಲ, ನನಗಂತೂ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

ಆಮೇಲೆ ನಡೆದು ಹೋಗಿ ಸಿಂಹಾಸನದ ಮೇಲೆ ಕೂತರು. ಕುರ್ಚಿ ಸುಸ್ಸೆಂದು ಎರಡು ಅಂಗುಲ ಕೆಳಗಿಳಿಯಿತು. ಮಹಾಮಂತ್ರಿ ಎದುರು ಬಂದು ಕೈಮುಗಿದರು. ಮಾವನವರ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದದ್ದು ನನಗೆ ಕಂಡಿತು. ಎರಡೂ ಕೈಯಲ್ಲಿ ಕುರ್ಚಿಯ ತೋಳು ಬಿಗಿಯಾಗಿ ಹಿಡಿದುಕೊಂಡರು. ಹಿಮ್ಮಡಿ ಮತ್ತೆ ನೆಲ ಮುಟ್ಟಿತು.

ನಾನು ಬದಿಗೆ ಬರುವಷ್ಟರಲ್ಲಿ ಗಡಿಯಾರದವರು ಎರಡು ಬೆರಳು ತೋರಿಸುತ್ತಿದ್ದರು. ಎರಡೇ ನಿಮಿಷ. ಕೆರೆ, ಕಳ್ಳ, ರಾಯಭಾರಿ, ಯಾವುದಕ್ಕೂ ಸಮಯವಿರಲಿಲ್ಲ. ಮೂವತ್ತೆರಡು ವರ್ಷ ನೀರಲ್ಲಿ ಹೋಮವಾಯಿತಲ್ಲ ಎಂದು ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಮಾವನವರೂ ಆ ಎರಡು ಬೆರಳನ್ನು ನೋಡಿದರು. ಮಾತು ಮರೆತರೇನೋ ಎಂದು ನಾನು ಎತ್ತಿಕೊಡಲು ಬಾಯಿ ತೆಗೆದೆ. ಅವರು ಕೈ ಎತ್ತಿ ನನ್ನನ್ನು ತಡೆದರು. ಚಕ್ರವರ್ತಿಯೇ ಕೈ ಎತ್ತಿದಂತಿತ್ತು.

“ಮಂತ್ರಿಗಳೇ” ಎಂದರು. ನಾಟಕದ ದನಿ ಅಷ್ಟಕ್ಕೇ ಮುಗಿಯಿತು. ಮುಂದೆ ಅವರ ಊರಿನ ಮಾತೇ. “ಅಗೋ ಅಲ್ಲಿ, ಬಾಗಲತಾವು ಒಬ್ರು ನಿಂತವ್ರೆ ನೋಡಿ. ಕೊಳ್ಳಾಗೆ ಗಡಿಯಾರ ಆಕ್ಕಂಡು. ಹೊತ್ತಾರೆಯಿಂದ ನಿಂತವ್ರೆ, ನಾ ನೋಡ್ತಾನೇ ಇವ್ನಿ. ಮೊದ್ಲು ಅವ್ರಿಗೊಂದು ಕುರ್ಚಿ ಆಕ್ಸಿ. ನನ್ನ ರಾಜ್ಯದಲ್ಲಿ ಬಾಗಲು ಕಾಯೋನು ಕುಂತ್ಕಂಡು ಕಾಯ್ಲಿ.”

ಡಾಕ್ಟರು ಸಾಮಂತರೊಬ್ಬರ ಕೈಯಿಂದ ಮಡಚುವ ಕುರ್ಚಿ ತರಿಸಿ, ತಾವೇ ಬಿಡಿಸಿ, ಹಗ್ಗದ ಪಕ್ಕ ಇಟ್ಟರು. ಗಡಿಯಾರದವರು ನನ್ನನ್ನು ನೋಡಿದರು, ಮಾವನವರನ್ನು ನೋಡಿದರು. “ಸಾರ್, ಪರವಾಗಿಲ್ಲ ಸಾರ್, ನಾನು...” ಎಂದರು. “ಕುಂತ್ಕಳಿ” ಎಂದರು ಚಕ್ರವರ್ತಿ. ಅವರು ಕೂತರು. ಕೂತವರು ಮೊಣಕಾಲು ಒತ್ತಿಕೊಂಡು ತಲೆ ತಗ್ಗಿಸಿಬಿಟ್ಟರು. ಪಾಪ, ಎಷ್ಟು ಸುಸ್ತಾಗಿತ್ತೋ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡ್ಯಾನ್ಸಿನ ಮಕ್ಕಳ ಅಮ್ಮಂದಿರೂ ತಟ್ಟಿದರು. ಹಗ್ಗ ಎಳೆಯುವವರು ಕೂತಿದ್ದ ಕಾರಣ ಪರದೆ ಎಷ್ಟೋ ಹೊತ್ತು ತೆರೆದೇ ಇತ್ತು. ಕೊನೆಗೆ ನಾನೇ ಎಳೆದೆ.

ಮಾವನವರ ಆಳ್ವಿಕೆ ಅಷ್ಟೆ, ಒಂದು ಆಜ್ಞೆ. ನಾನು ಬರೆದ ನಾಲ್ಕು ಸಾಧನೆಗಳಲ್ಲಿ ಒಂದೂ ಆಗಲಿಲ್ಲ, ಆದರೂ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಬಾಗಿಲಲ್ಲಿ ನಿಂತವರ ಕಾಲು ನೋಯುತ್ತದೆ ಎಂಬುದು ಇತಿಹಾಸ ಓದಿದ ನನಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಮಾವನವರು ಸೋಫಾದ ಮೇಲೆ ಕೂತು ಪ್ರಯಾಣದ ಚೀಲಕ್ಕೆ ಹೆಸರಿನ ಚೀಟಿ ಹೊಲಿಯುತ್ತಿದ್ದರು. ಒಣಗಿದ ಹಾರ ಆ ಚೀಲದೊಳಗೇ ಇತ್ತು. ಕರೆಗಂಟೆಯ ಸದ್ದಾಯಿತು. ಬಾಗಿಲು ತೆರೆದರೆ ಲಾಸ್ ಆಲ್ಟೋಸಿನ ಡಾಕ್ಟರು, ಕೈಯಲ್ಲೊಂದು ಹಳೆಯ ಫೋಟೋ. ಕೆರೆ ಏರಿಯ ಮೇಲಿನ ಶಾಸನದ ಫೋಟೋ ತರಿಸಿದ್ದಾರೆ, ಚಕ್ರವರ್ತಿ ಇದ್ದದ್ದು ನಿಜ ಎಂದು ನನ್ನ ಬಾಯಿಂದ ಹೇಳಿಸದೆ ಬಿಡುವುದಿಲ್ಲವಂತೆ. ಅವರನ್ನು ಒಳಗೆ ಕರೆಯುತ್ತಾ, ಅಭ್ಯಾಸದಂತೆ ಬಾಗಿಲ ಪಕ್ಕ ಮಾವನವರು ಎದ್ದು ಬಂದು ನಿಲ್ಲುತ್ತಿದ್ದ ಜಾಗದ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಹಿಂದಿನಿಂದ ಮಾವನವರ ದನಿ ಕೇಳಿಸಿತು.

“ಬನ್ನಿ ಮಂತ್ರಿಗಳೇ, ಕುಂತ್ಕಳಿ.”

ತಿರುಗಿ ನೋಡಿದೆ. ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟು ಕೈಮುಗಿದಿದ್ದರು. ಎದ್ದಿರಲಿಲ್ಲ.